ಪರಖಿ

ಮುಂಜಾನಿ ಐದೂವರಿ. ಮಾರಿ ತೊಳಕೊಳ್ಳೋಕಿಂತ ಮೊದಲ
ಬೆರಳ ತುದಿ ಒರಸಿ, ಟಕ್ ಅಂತ ಒಂದು ಸೂಜಿ,
ಸಾಸಿವಿ ಕಾಳಿನಷ್ಟು ರಕ್ತ.
ಮಿಷನ್ನು ಐದು ಎಣಸಿ ಹೇಳತದ: ಇನ್ನೂರಾ ಹನ್ನೆರಡು.

ನಿನ್ನಿ ರಾತ್ರಿ ಉಂಡದ್ದೇನು?
ಒಂದು ರೊಟ್ಟಿ. ಒಂದೇ. ಪುಂಡಿಪಲ್ಯ.
ಹಿಂಡಿ ಸುದ್ದಾ ಮುಟ್ಟಿಲ್ಲ.
ಉಂಡು ಸೂಪರ್ ಮಾರ್ಕೆಟ್ ತನಕ ನಡದು ಬಂದೀನಿ,
ನಾಯಿ ಬೆನ್ನತ್ತಿ ಅರ್ಧ ದಾರಿ ಓಡೀನಿ.
ಮೊನ್ನಿ ಲಗ್ನದಾಗ ಎರಡು ಮಾಲಪುರಿ ತಿಂದು ಮಲಗಿದ ದಿನ
ಇದೇ ಮಿಷನ್ನು ನೂರಾ ಮೂವತ್ತೆಂಟು ತೋರಿಸಿತ್ತು.
ಇದಕ್ಕ ಯಾವ ಲೆಕ್ಕ ಅಂತೀರಿ?

ಲೆಕ್ಕದ ಮನಷ್ಯಾ ನಾ.
ಕಲಬುರಗಿ ಗಂಜಿನಾಗ ಮೂವತ್ತೊಂದು ವರ್ಷ ತೊಗರಿ ನೋಡೀನಿ.
ಚೀಲದ ಹೊಟ್ಟಿಗಿ ಪರಖಿ ಚುಚ್ಚಿ ಜಗ್ಗಿದ್ರ
ಕೊಳವ್ಯಾಗ ಒಂದು ಹಿಡಿ ಕಾಳು ಬರತಾವ.
ಅಂಗೈಯಾಗ ಹರವಿ, ಊದಿ, ಹಲ್ಲಾಗ ಒಂದು ಕಡದು
ಹಸಿ ಎಷ್ಟು, ಹುಳ ಎಷ್ಟು, ಕಸ ಎಷ್ಟು ಹೇಳತೀನಿ.
ಆ ಮಾತಿನ ಮ್ಯಾಲ ಇಡೀ ಗಾಡಿ ಮಾಲಿನ ಧಾರಣಿ.

ಒಮ್ಮಿ ಚಿಂಚೋಳಿ ಕಡಿ ಮುದಕಿ ಒಬ್ಬಾಕಿ
ನನ್ನ ಕೈ ಹಿಡದು ಕೇಳಿದ್ಲು:
“ಮ್ಯಾಲಿನ ಒಂದು ಹಿಡಿ ನೋಡಿ ಪೂರಾ ಚೀಲಕ್ಕ
ಹೆಸರಿಡತಿ ಏನೋ ತಮ್ಮಾ?
ತಳದಾಗ ಬ್ಯಾರೆ ಅದಾವ, ಇನ್ನೊಂದು ಕಡಿ ಚುಚ್ಚು.”
ನಾ ನಕ್ಕೆ. ಸಾಲಿನಾಗ ಇನ್ನೂ ನಲವತ್ತು ಚೀಲ ಇದ್ದವು.

ಈಗ ದಿನಾ ನಾನೇ ಚೀಲ.

ಬಲಗೈ ಬೆರಳು ಬ್ಯಾಡಂದ್ರ ಎಡಗೈದು,
ಅದೂ ಬ್ಯಾಡಂದ್ರ ಕಿರಿಬೆರಳು,
ಇನ್ನೊಂದು ಕಡಿ ಚುಚ್ಚಿ ನೋಡತೀನಿ.
ಇನ್ನೂರಾ ಎಂಟು ಅಂತದ. ನಾಕು ಕಡಿಮಿ ಆದದ್ದಕ್ಕ ಖುಷಿ ಪಡಬೇಕೋ,
ಇಪ್ಪತ್ತು ರೂಪಾಯಿ ಪಟ್ಟಿ ಹೋದದ್ದಕ್ಕ ಅಳಬೇಕೋ.

ಜಗದೇವಿ ಬಾಗಲದಾಗ ನಿಂತು ಕೇಳತಾಳ, “ಎಷ್ಟದ?”
ಏನೂ ಬೈಯಂಗಿಲ್ಲ. ಆ “ಎಷ್ಟದ” ಅನ್ನೋದ್ರಾಗ
ಡಬ್ಬಿ ಮುಚ್ಚೋ ಸಪ್ಪಳ ಅದ.

ಯುಗಾದಿ ಆದಮ್ಯಾಲ ಬ್ಯಾಸತ್ತು ವಹಿಯಾಗ ಸುಳ್ಳು ಬರದೆ.
ಎರಡು ವಾರ ಪೂರಾ ನೂರಾ ಇಪ್ಪತ್ತು, ನೂರಾ ಇಪ್ಪತ್ತಾರು,
ಪೆನ್ನು ಸುದ್ದಾ ಬದಲಿ ಮಾಡಿ, ಒಂದಿನ ನೀಲಿ, ಒಂದಿನ ಕರಿ.
ಡಾಕ್ಟರಮ್ಮ ವಹಿ ನೋಡಿದ್ರು, ಮೂರು ತಿಂಗಳ ರಿಪೋರ್ಟ್ ನೋಡಿದ್ರು,
“ಅಂಬಾರಾಯ್ರೇ, ಈ ಎರಡರಾಗ ಯಾವುದು ನಿಮ್ಮ ರಕ್ತ?” ಅಂದ್ರು.
ನಾ ಫ್ಯಾನ್ ನೋಡಕೋತ ಕುಂತೆ.

ಗುಳಿಗಿ ಹೆಚ್ಚಾದವು.
ಮೇ ತಿಂಗಳ ಬಿಸಿಲು, ಊಟ ತಪ್ಪಿದ ಒಂದು ಮಧ್ಯಾನ,
ಕಾಟಾದ ಮುಂದ ನಿಂತಾಂವಗ ಕೈ ನಡುಗಿ, ಅಂಗಿ ತೊಯ್ದು,
ಅಂಕಿ ಎಲ್ಲಾ ಇರಿವಿಯಂಗ ಹರದಾಡಲತ್ತಿದ್ದವು.
ಹಮಾಲಿ ಲಾಡ್ಲೇಸಾಬ್ ಬೆನ್ನ ಮ್ಯಾಲಿನ ಚೀಲ ಒಗದು ಓಡಿ ಬಂದ,
ಛಾದಂಗಡಿಯಿಂದ ಮುಷ್ಟಿ ತುಂಬ ಸಕ್ರಿ ತಂದು ಬಾಯಾಗ ತುರಕಿದ.
ಉದುರಿದ ಹರಳು ನನ್ನ ಗಡ್ಡದಾಗ, ಅವನ ಬೆವರಿನಾಗ.
ವರ್ಷಗಟ್ಟಲೆ ವೈರಿ ಅಂತ ನಾ ಬಾಗಲ ಹಾಕಿದ್ದು
ಅವತ್ತ ಬಂದು ನನ್ನ ಎಬ್ಬಿಸಿ ಕುಂದರಿಸಿತು.
“ನಿಮ್ಮ ಬ್ಯಾನಿ ಛಲೋ ಅದರೀ ಮುನೀಮಜಿ,” ಅಂದ ಲಾಡ್ಲೇಸಾಬ್,
“ತಿಂದ್ರೂ ಸಾಯತೀರಿ, ತಿನ್ನಲಿಲ್ಲಂದ್ರೂ ಸಾಯತೀರಿ.”
ಇಬ್ಬರೂ ಕೆಮ್ಮು ಬರೋತನಕ ನಕ್ಕೆವು.

ಅವತ್ತಿನಿಂದ ಏನೂ ಬದಲಾಗಿಲ್ಲ, ಖರೇ ಹೇಳಬೇಕಂದ್ರ.
ಸಿಟ್ಟು ಬರತದ. ಮೊನ್ನಿ ಮಿಷನ್ನು ಹಾಸಗಿ ಮ್ಯಾಲ ಒಗದೆ.
ನೆಲಕ್ಕ ಒಗಿಲಿಲ್ಲ, ರೊಕ್ಕ ಕೊಟ್ಟೀನಿ.
ಆದ್ರ ಗಂಜಿನಾಗ ಪರಖಿ ಹಿಡದಾಗ ಈಗ
ಚೀಲದ ತಳಕ್ಕೂ ಒಮ್ಮಿ ಚುಚ್ಚತೀನಿ.
ಸೇಠ ಗಡಿಯಾರ ನೋಡತಾನ, ನೋಡ್ಲಿ.

ಇವತ್ತು ನೂರಾ ತೊಂಬತ್ತಾರು. ಬರದೆ. ಅದನ್ನೇ ಬರದೆ.
ಬಾಜೂಕ ಜಾಗಾ ಇತ್ತು, ಸಣ್ಣ ಅಕ್ಷರದಾಗ ಕೂಡಿಸಿದೆ:
“ರಾತ್ರಿ ಮಾವಿನಹಣ್ಣು. ಅರ್ಧ. ಜಗದೇವಿ ಕೊಯ್ದು ಕೊಟ್ಟದ್ದು.
ಭಾಳ ಸೀ ಇತ್ತು.”